ನಾಬೋತನ ತೋಟದ ಆಳುಗಳು: ಮಂಡ್ಯ ಸೀಮೆಯಲ್ಲಿ ಎಡಪಂಥ ಮತ್ತು ದುಡಿಯುವ ಜನ

ಕಾರ್ಮಿಕರ ಹೆಸರಿನಲ್ಲಿ ಹುಟ್ಟಿದ ಪಕ್ಷಗಳು ಕಾರ್ಮಿಕರನ್ನೇ ಕಳೆದುಕೊಂಡದ್ದು ಹೇಗೆ ಎಂಬ ಪ್ರಶ್ನೆ ಪಶ್ಚಿಮ ರಾಷ್ಟ್ರಗಳಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಫ್ರಾನ್ಸಿನ ಕಮ್ಯುನಿಸ್ಟ್ ಪಕ್ಷವು 1946ರಲ್ಲಿ ಆ ದೇಶದ ಮತಗಳ ಕಾಲುಭಾಗಕ್ಕೂ ಹೆಚ್ಚನ್ನು ಪಡೆದಿತ್ತು. 2007ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದರ ಅಭ್ಯರ್ಥಿಗೆ ಶೇಕಡ 2ರಷ್ಟು ಮತವೂ ಬೀಳಲಿಲ್ಲ. 2019ರಲ್ಲಿ ಉತ್ತರ ಇಂಗ್ಲೆಂಡಿನ ಹಳೆಯ ಗಣಿ ಊರುಗಳು ತಲೆಮಾರುಗಳಿಂದ ಲೇಬರ್ ಪಕ್ಷಕ್ಕೆ ನೀಡುತ್ತಿದ್ದ ಮತವನ್ನು ಕನ್ಸರ್ವೇಟಿವರಿಗೆ ನೀಡಿದವು. ಇದನ್ನು ವಿವರಿಸಲು ಹೊರಟ ಫ್ರೆಂಚ್ ಅರ್ಥಶಾಸ್ತ್ರಜ್ಞ ತೋಮಾ ಪಿಕೆಟಿಯವರು 2018ರ ತಮ್ಮ ಪ್ರಬಂಧವೊಂದರಲ್ಲಿ ‘ಬ್ರಾಹ್ಮಣ ಎಡ’ ಎಂಬ ಮಾತನ್ನು ಬಳಸಿದರು. ಹೆಚ್ಚು ಓದಿದವರ ಪಕ್ಷವಾಗಿ ಎಡಪಂಥ ಮಾರ್ಪಟ್ಟಿತೆಂಬುದು ಅವರ ಅಭಿಪ್ರಾಯ. ಪದ ನಮ್ಮ ನೆಲದಿಂದ ಹೋದದ್ದು. ಅಲ್ಲಿ ಅದು ಕೇವಲ ಉಪಮೆ. ಮರಳಿ ನಮ್ಮಲ್ಲಿಗೆ ಬಂದಾಗ ಉಪಮೆಯಾಗಿ ಉಳಿಯುವುದಿಲ್ಲ.

ಈ ವಿಚಾರವನ್ನು ಅನ್ಯರ ಸೋಲಿನ ಕಥೆಯೆಂದು ನೋಡುವ ಹಕ್ಕು ನಮಗೆ, ಅಂದರೆ ಸಭೆಗೆ, ಇಲ್ಲ. ಎಡಪಕ್ಷಗಳಿಗಿಂತ ಬಹಳ ಮೊದಲೇ ಯೂರೋಪಿನ ಸಭೆಯು ದುಡಿಯುವ ವರ್ಗವನ್ನು ಕಳೆದುಕೊಂಡಿತ್ತು. ಇಬ್ಬರು ಫ್ರೆಂಚ್ ಪಾದ್ರಿಗಳು 1943ರಲ್ಲಿ ತಮ್ಮ ದೇಶವೇ ಮಿಷನ್ ಕ್ಷೇತ್ರವಾಗಿದೆಯೇ ಎಂದು ಕೇಳುವ ಪುಸ್ತಕ ಬರೆದು ಧರ್ಮಾಧ್ಯಕ್ಷರನ್ನು ಬೆಚ್ಚಿಬೀಳಿಸಿದರು. ಅದರ ನಂತರ ಕೆಲವು ಪಾದ್ರಿಗಳು ನಿಲುವಂಗಿ ಕಳಚಿಟ್ಟು ಕಾರ್ಖಾನೆ ಸೇರಿದರು. ಅವರಲ್ಲಿ ಹಲವರು ಕಮ್ಯುನಿಸ್ಟರ ಕಾರ್ಮಿಕ ಸಂಘಗಳಲ್ಲಿ ಸದಸ್ಯರಾದರು. 1954ರಲ್ಲಿ ರೋಮ್ ಆ ಪ್ರಯೋಗವನ್ನು ತಡೆಯಿತು. ಹೀಗಾಗಿ ದುಡಿಯುವವರ ಬಾಗಿಲಲ್ಲಿ ಕರೆಯದೆ ಹೋಗಿ ನಿಂತವರ ಸಾಲಿನಲ್ಲಿ ಕೆಂಪು ಬಾವುಟದವರೂ ಶಿಲುಬೆಯವರೂ ಒಟ್ಟಿಗೇ ಇದ್ದಾರೆ. ನಮ್ಮ ವಿದ್ಯಾರ್ಥಿಗಳು ಕ್ಷೇತ್ರಾನುಭವಕ್ಕೆ ಹೋಗಬಹುದಾದ, ನಮ್ಮ ಸಭಾಪಾಲಕರು ಸೇವೆಯಲ್ಲಿರುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನೇ ಉದಾಹರಣೆಯಾಗಿ ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲು ಬಯಸುತ್ತೇವೆ.

ಮೊದಲು ನೆಲದ ವಿಚಾರ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾದಾಗ ಈ ಸೀಮೆ ಬಹುಪಾಲು ರಾಗಿ, ಹುರುಳಿ, ಜೋಳದ ಬೆದ್ದಲು. ಹುಲಿಕೆರೆಯ ಸುರಂಗವನ್ನು ಹಾದು ಬಂದ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, 1930ರ ದಶಕದಲ್ಲಿ ಅದನ್ನು ಭತ್ತ ಮತ್ತು ಕಬ್ಬಿನ ಗದ್ದೆಯಾಗಿಸಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದರ ಹಿಂದಿದ್ದವರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್. 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆ, ಕಾರ್ಖಾನೆ, ಜಿಲ್ಲೆ ಮೂರೂ ಒಂದೇ ದಶಕದ ಮಕ್ಕಳು.

ಈ ನೆಲದಲ್ಲಿ ದೊಡ್ಡ ಜಮೀನ್ದಾರನಿರಲಿಲ್ಲ ಎಂಬುದು ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯ. ರೈತವಾರಿ ಪದ್ಧತಿಯ ಹಳೆಯ ಮೈಸೂರಿನಲ್ಲಿ ಉಳುವವನೇ ಬಹುಮಟ್ಟಿಗೆ ಕಂದಾಯ ಕಟ್ಟುವ ಹಿಡುವಳಿದಾರ. ಕಾಸರಗೋಡು ಸೀಮೆಯಲ್ಲಿ ಹಾಗಿರಲಿಲ್ಲ; ಅಲ್ಲಿ ಜನ್ಮಿ ಕಣ್ಣಿಗೆ ಕಾಣುತ್ತಿದ್ದ, ಅವನ ವಿರುದ್ಧ ಕಟ್ಟಿದ ಸಂಘ ಕಮ್ಯುನಿಸ್ಟರದ್ದಾಯಿತು. 1941ರ ಕಯ್ಯೂರಿನ ಘಟನೆ, 1943ರಲ್ಲಿ ನಾಲ್ವರು ಯುವಕರ ಗಲ್ಲು, ಅದರಿಂದ ಮೂಡಿದ ನಿಷ್ಠೆ ಇಂದಿಗೂ ಆ ಕಡೆಯ ಮತಪೆಟ್ಟಿಗೆಯಲ್ಲಿ ಕಾಣಸಿಗುತ್ತದೆ. ಮಲೆನಾಡಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಸಮಾಜವಾದಿಗಳಿಗೆ ಒಂದು ನೆಲೆ ದೊರಕಿತು. ಮಂಡ್ಯದ ಒಕ್ಕಲಿಗನು ಯಾರ ಗೇಣಿಯನ್ನೂ ಕೊಡುತ್ತಿರಲಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯು ಕರಾವಳಿಯಲ್ಲಿ ಮನೆಮನೆಯ ಭಾಗ್ಯವನ್ನು ಬದಲಿಸಿತು. ಇಲ್ಲಿ ಅದು ಹೋಲಿಕೆಯಲ್ಲಿ ಅಲ್ಪವನ್ನೇ ಬದಲಿಸಿತು. ‘ಉಳುವವನೇ ಹೊಲದೊಡೆಯ’ ಎಂದು ಕೂಗಿದರೆ ಈ ಊರಿನವನು, ಹೌದು, ನಾನೇ, ಎನ್ನುತ್ತಾನೆ. ಉಳುವವನ ಹಿಂದೆ ನಾಟಿ ಹಾಕುತ್ತಿದ್ದ ಹೆಂಗಸು ಆ ಘೋಷಣೆಯೊಳಗೆ ಇರಲೇ ಇಲ್ಲ.

ಹಾಗಾದರೆ ಈ ರೈತನ ಎದುರಾಳಿ ಯಾರು? ಸರ್ಕಾರವೇ. ನೀರು ಬಿಡುವುದು ಸರ್ಕಾರ, ಯಾವ ಬ್ಲಾಕಿನಲ್ಲಿ ಕಬ್ಬು, ಯಾವುದರಲ್ಲಿ ಭತ್ತ ಎಂದು ಗೊತ್ತುಮಾಡುವುದು ಸರ್ಕಾರ, ನೀರಿನ ಕಂದಾಯ ಕೇಳುವುದು ಸರ್ಕಾರ, ಕಬ್ಬು ಕೊಂಡು ದರ ನಿಗದಿ ಮಾಡುವ ಕಾರ್ಖಾನೆಯ ಹಿಂದೆಯೂ ಸರ್ಕಾರ. ನಾಲೆ ಬಂದ ಹೊಸತರಲ್ಲಿಯೇ ಅದರ ವಂತಿಗೆಯ ವಿರುದ್ಧ ಚಳವಳಿ ನಡೆಯಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧವನ್ನು ಮೀರಿ ಧ್ವಜವನ್ನು ಹಾರಿಸಿದಾಗ ನೆರೆದವರಲ್ಲಿ ಹಳ್ಳಿಯ ರೈತರೇ ಅಪಾರ ಸಂಖ್ಯೆಯಲ್ಲಿದ್ದರು. ಅದಕ್ಕೆ ಹಿಂದಿನ ವರ್ಷವಷ್ಟೇ ಬ್ರಾಹ್ಮಣೇತರ ಗಣ್ಯರ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಕೂಡಿಕೊಂಡಿತ್ತು. ಹೀಗೆ ಹೋರಾಟದ ಮೊದಲ ಪಾಠವನ್ನು ಈ ಜಿಲ್ಲೆ ಕಲಿತದ್ದು ಇಡೀ ಊರು ಒಂದು ಪಕ್ಷ, ಸರ್ಕಾರ ಇನ್ನೊಂದು ಪಕ್ಷ ಎಂಬ ರೂಪದಲ್ಲಿ.

1980ರ ನರಗುಂದ-ನವಲಗುಂದ ಗೋಲಿಬಾರಿನ ನಂತರ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವು ಇದೇ ರೂಪಕ್ಕೆ ಹಸಿರು ಶಾಲು ಹೊದಿಸಿತು. ಅದರ ಚಿಂತಕರಾದ ಎಂ.ಡಿ. ನಂಜುಂಡಸ್ವಾಮಿಯವರು ಲೋಹಿಯಾ ಪರಂಪರೆಯವರು. ಹಳ್ಳಿಯನ್ನು ನಗರವು ಶೋಷಿಸುತ್ತದೆ ಎಂಬ ಅವರ ನೋಟದಲ್ಲಿ ಹಳ್ಳಿಯೊಳಗಿನ ಶೋಷಣೆ ಎರಡನೆಯ ಸ್ಥಾನಕ್ಕೆ ಸರಿಯಿತು. ಇದನ್ನು ಲಘುವಾಗಿ ನಾವು ಹೇಳುತ್ತಿಲ್ಲ. ಅಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಮನುಷ್ಯನಿಗೆ ಎದೆಯೆತ್ತಿ ಮಾತಾಡುವುದನ್ನು ಕಲಿಸಿದ್ದು ರೈತ ಸಂಘ. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಕೆ.ಎಸ್. ಪುಟ್ಟಣ್ಣಯ್ಯನವರನ್ನು ಜನ ವಿಧಾನಸಭೆಗೆ ಕಳುಹಿಸಿದರು. ಆದರೆ ‘ರೈತ’ ಎಂಬ ಆ ಒಂದು ಪದ ಹತ್ತೆಕರೆಯವನನ್ನೂ ಹತ್ತು ಗುಂಟೆಯವನನ್ನೂ ಅವರಿಬ್ಬರ ಗದ್ದೆಯಲ್ಲಿ ಕೂಲಿ ಮಾಡುವವನನ್ನೂ ಒಂದೇ ಶಾಲಿನಡಿ ತಂದಿತು. ಕಬ್ಬಿನ ದರ ಏರಿದರೆ ಎಲ್ಲರಿಗೂ ಒಳಿತೆಂದು ಹೇಳಲಾಯಿತು. ಕಡಿಯುವ ಕೂಲಿ ಏರಿದರೆ ಯಾರಿಗೆ ಒಳಿತೆಂಬ ಪ್ರಶ್ನೆ ಅಷ್ಟು ಸಲೀಸಾಗಿ ಏಳಲಿಲ್ಲ.

ಈಗ ಕಾರ್ಖಾನೆಯ ಬಾಗಿಲಿಗೆ ಬರೋಣ. ಮಾರ್ಕ್ಸ್‌ವಾದದ ಕಲ್ಪನೆಯ ಕಾರ್ಮಿಕ ಎಂದರೆ ಮಾರಲು ತನ್ನ ದುಡಿಮೆಯ ಹೊರತು ಬೇರೇನೂ ಇಲ್ಲದವನು. ಮಂಡ್ಯದ ಸಕ್ಕರೆ ಕಾರ್ಖಾನೆಯ ಕಾಯಂ ನೌಕರನಿಗೆ ಊರಿನಲ್ಲಿ ಅರ್ಧ ಎಕರೆಯೋ ಒಂದು ಎಕರೆಯೋ ಇರುವುದು ಸಾಮಾನ್ಯ. ಅವನ ಅಣ್ಣ ಅದೇ ಕಾರ್ಖಾನೆಗೆ ಕಬ್ಬು ಸಾಗಿಸುವವನು. ಸಾವಿರಾರು ರೈತರು ಆ ಕಂಪನಿಯ ಷೇರುದಾರರೂ ಹೌದು. ಬಾಕಿ ಹಣಕ್ಕಾಗಿ ಗೇಟಿನ ಹೊರಗೆ ಧರಣಿ ಕುಳಿತವನೂ ಸಂಬಳಕ್ಕಾಗಿ ಗೇಟಿನ ಒಳಗೆ ಧರಣಿ ಕುಳಿತವನೂ ಒಂದೇ ಮನೆಯವರಾಗಿರುವಾಗ ವರ್ಗವೈರದ ಸಿದ್ಧಾಂತಕ್ಕೆ ನಿಲ್ಲಲು ಜಾಗ ಸಾಲದು. ಕಾರ್ಖಾನೆ ಮತ್ತೆ ಮತ್ತೆ ನಿಂತು, ವರ್ಷಗಳ ಮೌನದ ನಂತರ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಅದನ್ನು ಖಾಸಗಿಯವರಿಗೆ ಕೊಡಬಾರದೆಂದು ಹೋರಾಡಿದವರಲ್ಲಿ ಎಡಪಕ್ಷಗಳೂ ಇದ್ದವು, ರೈತ ಸಂಘವೂ ಇತ್ತು, ಕನ್ನಡ ಸಂಘಟನೆಗಳೂ ಇದ್ದವು. ಅದು ಸಕ್ಕರೆ ನಾಡಿನ ಮಾನದ ಪ್ರಶ್ನೆಯಾಗಿತ್ತು. ಕಾರ್ಮಿಕ ವರ್ಗದ ಪ್ರಶ್ನೆಯೆಂದು ಅದನ್ನು ಕಂಡವರು ಕಡಮೆ.

ಏನೂ ಇಲ್ಲದ ದುಡಿಮೆಗಾರ ಇಲ್ಲವೆಂದಲ್ಲ. ಅವನು ಹೊರಗಿನಿಂದ ಬಂದವನು. ಮಂಡ್ಯ ನಗರದಲ್ಲಿ ಇಂದಿಗೂ ತಮಿಳು ಕಾಲೊನಿ ಎಂಬ ಹೆಸರಿನ ಬಡವರ ಕೇರಿಯಿದೆ. ಸುಗ್ಗಿಯಲ್ಲಿ ಬಳ್ಳಾರಿಯ ಕಡೆಯಿಂದ ಗುಂಪುಗುಂಪಾಗಿ ಬಂದು ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವವರಿದ್ದಾರೆ. ಆಲೆಮನೆಗಳ ಕೊಪ್ಪರಿಗೆಯ ಮುಂದೆ ಈಗ ಉತ್ತರ ಪ್ರದೇಶದವರು ನಿಂತಿದ್ದಾರೆ. ಇವರಿಗೆ ಇಲ್ಲಿ ಮತವಿಲ್ಲ, ಇದ್ದರೂ ಅದು ಎಣಿಕೆಗೆ ಬರುವಷ್ಟಿಲ್ಲ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಹೊರಬಿದ್ದು, ಆ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರು ಮತ್ತು ಹಳೆಯ ಮೈಸೂರು ಭಾಗದಲ್ಲಿ ತಮಿಳರ ಮೇಲೆ ಹಿಂಸಾಚಾರ ನಡೆದಾಗ ಪೆಟ್ಟು ತಿಂದವರಲ್ಲಿ ಬಹುಪಾಲು ಕೂಲಿಕಾರರು. ನೀರಿನ ಹೋರಾಟ ನ್ಯಾಯವಾದದ್ದೆಂದೇ ನಾವು ನಂಬುತ್ತೇವೆ. ಆದರೂ ವಿಶ್ವದ ಕಾರ್ಮಿಕರೇ ಒಂದಾಗಿ ಎಂಬ ಕರೆಯ ಬಲವನ್ನು ಅಂದು ಕಾವೇರಿಯ ದಡದಲ್ಲಿ ಅಳೆದಿದ್ದರೆ ಏನು ಸಿಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಜಾತಿ. 1954ರಿಂದ 1956ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ವಂಗಲ, ದಲೇನ ಎಂದು ಅವರು ಆ ಊರುಗಳಿಗೆ ಹೆಸರಿಟ್ಟರು. ನಾಲೆಯ ನೀರು ಒಂದಕ್ಕೆ ಸಿಕ್ಕಿತು, ಇನ್ನೊಂದರ ಜಮೀನು ಎತ್ತರದಲ್ಲಿದ್ದ ಕಾರಣ ಸಿಗಲಿಲ್ಲ. ನೀರು ಬಂದು ಹಣ ಹರಿದ ಊರಿನಲ್ಲಿ ಹಳೆಯ ಕಟ್ಟುಪಾಡು ಸಡಿಲವಾಗಿರಬೇಕೆಂದು ಯಾರಾದರೂ ಎಣಿಸುತ್ತಾರೆ. ಅವರು ಕಂಡದ್ದು ಇದಕ್ಕೆ ವಿರುದ್ಧ. ನೀರಾವರಿಯ ಊರಿನಲ್ಲಿ ಒಕ್ಕಲು ಮನೆಗೂ ಹೊಲಗೇರಿಯ ಆಳಿನ ಮನೆಗೂ ವಂಶಪಾರಂಪರ್ಯವಾಗಿ ಬಂದ ಸಂಬಂಧ ಗಟ್ಟಿಯಾಗಿಯೇ ಉಳಿದಿತ್ತು, ಸುಗ್ಗಿಯ ಕಣದಲ್ಲಿ ಧಾನ್ಯದ ರೂಪದ ಸಂದಾಯವೂ ನಡೆದಿತ್ತು. ನೀರಿಲ್ಲದ ಊರಿನವರು ಮಂಡ್ಯ ಪೇಟೆಗೆ ಕೆಲಸ, ವ್ಯಾಪಾರ ಎಂದು ಹೊರಟಿದ್ದರು, ಅಲ್ಲಿ ಹಳೆಯ ಕಟ್ಟು ಬಿಚ್ಚಿಹೋಗಿತ್ತು. ಆರ್ಥಿಕ ತಳಹದಿ ಬದಲಾದರೆ ಮೇಲಿನದೆಲ್ಲ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆಯವರು ಈ ಒಂದು ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಕೂಲಿಕಾರ ಎಂಬ ಪದವನ್ನು ಎಡಪಂಥ ತನ್ನ ಕರಪತ್ರದಲ್ಲಿ ಬರೆದಾಗ ಮದ್ದೂರಿನಲ್ಲಿಯೂ ಮಳವಳ್ಳಿಯಲ್ಲಿಯೂ ಅದನ್ನು ಓದಿದವನಿಗೆ ತಾನು ಯಾವ ಕೇರಿಯವನೆಂಬುದು ಮೊದಲು ಗೊತ್ತಿತ್ತು. ಅವನ ಕೂಲಿ ಕಡಮೆಯಾಗಿದ್ದುದಕ್ಕೂ ಅವನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದುದಕ್ಕೂ ಕಾರಣ ಒಂದೇ. ಜಾತಿಯ ಪ್ರಶ್ನೆಗೆ ಕ್ರಾಂತಿಯ ನಂತರ ಬರೋಣ ಎಂದವರಿಗಾಗಿ ಅವನು ಕಾಯಲಿಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಹೇಳಿಕೆ ಎಬ್ಬಿಸಿದ ಗಲಭೆಯ ಬೆನ್ನಿಗೇ ಬಿ. ಕೃಷ್ಣಪ್ಪ ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಅವನಿಗೆ ಸ್ವಂತ ಮನೆಯಾಯಿತು. ಆ ಮನೆ ಮುಂದೆ ಹಲವು ಪಾಲಾದದ್ದು ಬೇರೆ ಕಥೆ. ಇಂದು ಎಡಪಕ್ಷಗಳು ಜಾತಿಯನ್ನು ಕುರಿತು ಮಾತಾಡುತ್ತವೆ, ದೇವಾಲಯ ಪ್ರವೇಶಕ್ಕೂ ಸ್ಮಶಾನದ ಜಾಗಕ್ಕೂ ಹೋರಾಡುತ್ತವೆ. ಆದರೆ ತಡವಾಗಿ ಬಂದ ನೆಂಟನಿಗೆ ಪಂಕ್ತಿಯಲ್ಲಿ ಎಲೆ ಸಿಗುವುದು ಕೊನೆಗೇ. ಕೋಲಾರದ ಚಿನ್ನದ ಗಣಿಗಳಲ್ಲಿ ಮಾತ್ರ ಚಿತ್ರ ಬೇರೆಯಾಗಿತ್ತು. ಅಲ್ಲಿ ಬಹುಪಾಲು ಗಣಿಕಾರ್ಮಿಕರು ದಲಿತರೇ ಆಗಿದ್ದರು, ಭೂಮಿಯಿಂದ ಬಿಡಿಸಿಕೊಂಡು ಬಂದವರಾಗಿದ್ದರು. ಅವರು ಒಮ್ಮೆ ಕಮ್ಯುನಿಸ್ಟರನ್ನೂ ಇನ್ನೊಮ್ಮೆ ರಿಪಬ್ಲಿಕನ್ ಪಕ್ಷದವರನ್ನೂ ಶಾಸಕರನ್ನಾಗಿ ಆರಿಸಿದರು. ಗಣಿಯ ಕತ್ತಲೆಯಲ್ಲಿ ಜಾತಿಯೂ ವರ್ಗವೂ ಒಂದೇ ಗೆರೆಯ ಮೇಲೆ ಬಿದ್ದಿದ್ದವು. ಮಂಡ್ಯದ ಗದ್ದೆಯಲ್ಲಿ ಹಾಗೆ ಬೀಳಲಿಲ್ಲ.

ಸಮಾಜವಾದವೂ ಇಲ್ಲಿಗೆ ಬಂದು ಹೋಗಿದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು 1962ರಲ್ಲಿ ಪಕ್ಷೇತರರಾಗಿ ಮದ್ದೂರಿನಲ್ಲಿ ಗೆದ್ದು, 1968ರ ಉಪಚುನಾವಣೆಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಮಂಡ್ಯದ ಲೋಕಸಭಾ ಸದಸ್ಯರಾದರು. ಕೆಲವೇ ವರ್ಷಗಳಲ್ಲಿ ಕಾಂಗ್ರೆಸ್ ಸೇರಿದರು, 1999ರಲ್ಲಿ ಮುಖ್ಯಮಂತ್ರಿಯಾದರು, 2017ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಹೋದರು. ಮತ ಕೊಟ್ಟ ಜನ ಪಕ್ಷದ ಹೆಸರನ್ನು ಮರೆತರು, ಊರಿನ ಹೆಸರನ್ನು ಮರೆಯಲಿಲ್ಲ.

ಇಷ್ಟಾದರೂ ಈ ತಾಲ್ಲೂಕುಗಳಲ್ಲಿ ಕೆಂಪು ಬಾವುಟ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮದ್ದೂರು, ಮಳವಳ್ಳಿಯ ತಾಲ್ಲೂಕು ಕಚೇರಿ, ಪಂಚಾಯಿತಿ ಕಚೇರಿಗಳ ಮುಂದೆ ಕೃಷಿ ಕೂಲಿಕಾರರ ಸಂಘದ ಹೆಂಗಸರು ಜಮಖಾನ ಹಾಸಿ ಕುಳಿತಿರುವುದನ್ನು ಅಲ್ಲಿನ ಸಭಾಪಾಲಕರೆಲ್ಲರೂ ನೋಡಿರುತ್ತಾರೆ. ಉದ್ಯೋಗ ಖಾತರಿಯಡಿ ಕೆಲಸ ಕೇಳುವ ಅರ್ಜಿ, ಜಾಬ್ ಕಾರ್ಡು, ತಡವಾದ ಕೂಲಿ, ನಿವೇಶನದ ಹಕ್ಕುಪತ್ರ ಎಂದು ಆ ಸಂಘ ಮಾಡುವ ಕೆಲಸ ನಿಧಾನವಾದದ್ದು, ಬೇಸರ ತರಿಸುವಂಥದ್ದು, ಅತ್ಯಂತ ಬೆಲೆಯುಳ್ಳದ್ದು. 2017ರ ಮಾರ್ಚ್‌ನಲ್ಲಿ ಅಂಗನವಾಡಿಯ ಸಾವಿರಾರು ಹೆಂಗಸರು ಬೆಂಗಳೂರಿನ ರಸ್ತೆಯಲ್ಲಿ ಹಗಲು ರಾತ್ರಿ ಕುಳಿತಾಗ ಅವರನ್ನು ಸಂಘಟಿಸಿದ್ದೂ ಎಡಪಕ್ಷದ ಕಾರ್ಮಿಕ ಸಂಘಟನೆಯೇ. ಆದರೂ 2018ರಲ್ಲಿ ಜಿಲ್ಲೆಯ ಏಳೂ ಸ್ಥಾನಗಳು ಜನತಾದಳಕ್ಕೆ ಹೋದವು. 2023ರಲ್ಲಿ ಐದು ಕಾಂಗ್ರೆಸ್ಸಿಗೆ ಬಂದವು. ಕೂಲಿ ಕೇಳಲು ಒಂದು ಬಾವುಟ, ಮತಕ್ಕೆ ಇನ್ನೊಂದು.

ಇದನ್ನು ಸುಳ್ಳು ಪ್ರಜ್ಞೆಯೆಂದು ಕರೆಯುವುದು ಸುಲಭ, ಮತ್ತು ನಮ್ಮ ಅಭಿಪ್ರಾಯದಲ್ಲಿ ತಪ್ಪು. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಆದರೆ 1932ರ ಪೂನಾ ಒಪ್ಪಂದದಿಂದ ಬಂದ ಏರ್ಪಾಡಿನಲ್ಲಿ ಅಭ್ಯರ್ಥಿ ಮಾತ್ರ ದಲಿತ. ಮತ ಎಲ್ಲ ಜಾತಿಯವರದ್ದು. ಭೂಮಿ ಇರುವವರ ಬೆಂಬಲವಿಲ್ಲದೆ ಅಲ್ಲಿ ಯಾರೂ ಗೆಲ್ಲಲಾರರು, ಭೂಮಿ ಇರುವವರಿಗೆ ಕೂಲಿ ಏರಿಸುವ ಪಕ್ಷ ಬೇಡ. ಇದನ್ನು ಕೂಲಿ ಹೆಂಗಸು ರಾಜ್ಯಶಾಸ್ತ್ರ ಓದದೆಯೇ ಬಲ್ಲಳು. ಗಂಡನನ್ನು ಪೊಲೀಸರು ಠಾಣೆಗೆ ಕರೆದೊಯ್ದ ರಾತ್ರಿ ಫೋನ್ ಮಾಡಬಲ್ಲವನು ಶಾಸಕನ ಕಡೆಯವನು. ಮಗಳಿಗೆ ಹಾಸ್ಟೆಲ್ ಸೀಟು, ಅತ್ತೆಗೆ ಆಸ್ಪತ್ರೆಯ ಹಾಸಿಗೆ ಕೊಡಿಸುವವನೂ ಅವನೇ. ಸೋಲುವುದು ಖಚಿತವಾದ ಅಭ್ಯರ್ಥಿಗೆ ತನ್ನ ಒಂದು ಮತ ಕೊಟ್ಟು ಈ ಬಾಗಿಲನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಹೇಳುವ ಧೈರ್ಯ ಪಿಂಚಣಿ ಇರುವವರಿಗೆ ಮಾತ್ರ ಬರುತ್ತದೆ.

ಈಚಿನ ಮೂರು ದಶಕಗಳಲ್ಲಿ ಈ ಸೀಮೆಯ ದುಡಿಮೆಯ ಮುಖವೇ ಬದಲಾಗಿದೆ. ಮದ್ದೂರಿನ ಗೆಜ್ಜಲಗೆರೆಯಲ್ಲಿ, ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು ಬಂದವು. ಬೆಳಗಿನ ಕತ್ತಲಲ್ಲಿ ಹಳ್ಳಿಯ ಅರಳಿಕಟ್ಟೆಯ ಬಳಿ ಡಬ್ಬಿ ಹಿಡಿದು ವ್ಯಾನಿಗೆ ಕಾಯುವ ಹೆಂಗಸರಲ್ಲಿ ಒಕ್ಕಲಿಗರ ಮನೆಯವರೂ ದಲಿತರ ಮನೆಯವರೂ ಇದ್ದಾರೆ. ಒಂದೇ ಸಾಲಿನ ಯಂತ್ರಗಳ ಮುಂದೆ ಕೂರುತ್ತಾರೆ. ಶತಮಾನಗಳಿಂದ ಊರು ಮಾಡದ ಕೆಲಸವನ್ನು ಹೊಲಿಗೆ ಯಂತ್ರ ಮಾಡಿದೆ ಎಂದರೆ ಅತಿಶಯವಾದೀತು, ಸಂಜೆ ಅವರು ಇಳಿಯುವುದು ಬೇರೆ ಬೇರೆ ಕೇರಿಗಳಲ್ಲಿಯೇ. ಆದರೆ 2016ರ ಏಪ್ರಿಲ್ 18 ಮತ್ತು 19ರಂದು ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಹೆದ್ದಾರಿಗಳನ್ನು ತುಂಬಿದವರು ಇಂಥ ಹೆಂಗಸರೇ. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆಯಿತು. ದೊಡ್ಡ ದೊಡ್ಡ ಸಂಘಗಳು ಆ ಹೊತ್ತಿಗೆ ಎಲ್ಲಿದ್ದವು? ಅವು 1980-81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ 77 ದಿನಗಳ ಮುಷ್ಕರದ ಕಾಲಕ್ಕೆ ತಕ್ಕಂತೆ ರೂಪುಗೊಂಡವು: ಕಾಯಂ ನೌಕರಿಯ ಗಂಡಸು, ಕಾರ್ಖಾನೆಯ ಗೇಟು, ಪಾಳಿ ಮುಗಿದ ಮೇಲೆ ಸಭೆ. ಆರು ಗಂಟೆಗೆ ವ್ಯಾನು ಹತ್ತಿ ಮನೆಗೆ ಹೋಗಿ ಮುದ್ದೆ ತೊಳಸಬೇಕಾದವಳು ಗೇಟ್ ಸಭೆಗೆ ನಿಲ್ಲಲಾರಳು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಘಟಕ ಮುಚ್ಚಿ 1,200ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡಾಗ ವಾರಗಟ್ಟಲೆ ಧರಣಿ ನಡೆಸಿದವರ ಜೊತೆಗಿದ್ದದ್ದು ಗಾರ್ಮೆಂಟ್ಸ್ ನೌಕರರದೇ ಆದ ಒಂದು ಹೊಸ ಸಂಘ.

ಖಾಲಿ ಬಿಟ್ಟ ಜಾಗ ಖಾಲಿಯಾಗಿ ಉಳಿಯುವುದಿಲ್ಲ. 1938ರಲ್ಲಿ ಶಿವಪುರದಲ್ಲಿ ಒಂದು ಧ್ವಜಕ್ಕಾಗಿ ಸೇರಿದ ಜನರ ಮೊಮ್ಮಕ್ಕಳು 2024ರ ಜನವರಿಯಲ್ಲಿ ಅದೇ ಜಿಲ್ಲೆಯ ಕೆರಗೋಡಿನಲ್ಲಿ ಇನ್ನೊಂದು ಧ್ವಜಕ್ಕಾಗಿ ಸೇರಿದರು. ಕಂಬದಿಂದ ಹನುಮ ಧ್ವಜವನ್ನು ಇಳಿಸಿದ್ದು ಅಂದಿನ ಕಿಡಿ. ಅಲ್ಲಿ ಸೇರಿದ್ದ ಹುಡುಗರಲ್ಲಿ ಹಲವರು ಬೆಳೆಗೆ ಬೆಲೆಯಿಲ್ಲದ, ಬೆಂಗಳೂರಿನಲ್ಲಿ ಗುತ್ತಿಗೆ ಕೆಲಸ ಮಾಡಿ ಬಂದ, ಮದುವೆಗೆ ಹೆಣ್ಣು ಸಿಗದ ರೈತ ಮನೆಯವರೇ ಆಗಿದ್ದಿರಬೇಕು ಎಂಬುದು ನಮ್ಮ ಊಹೆ. ಅವರ ಸಂಕಟಕ್ಕೆ ಎಡಪಂಥದ ಬಳಿ ಅಂಕಿಅಂಶವಿತ್ತು, ಮೆರವಣಿಗೆ ಇರಲಿಲ್ಲ.

ಸತ್ಯವೇದವನ್ನು ಓದುವ ನಮಗೆ ಇಲ್ಲಿ ನಾಬೋತನು ನೆನಪಾಗುತ್ತಾನೆ. ಒಂದನೆಯ ಅರಸುಗಳ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅಹಾಬನ ಎದುರು ನಿಂತವನು ಕೂಲಿಯವನಲ್ಲ; ಪಿತ್ರಾರ್ಜಿತವನ್ನು ಬಿಡಲೊಪ್ಪದ ಸಣ್ಣ ಹಿಡುವಳಿದಾರ. ಪ್ರವಾದಿಯ ಸಿಟ್ಟು ಅವನ ಪರವಾಗಿ ಉರಿಯುತ್ತದೆ. ಮಂಡ್ಯದ ರೈತನನ್ನು ಬಂಡವಾಳಿಗನೆಂದೂ ಕರೆಯಲಾಗದೆ ಕಾರ್ಮಿಕನೆಂದೂ ಕರೆಯಲಾಗದೆ ತಡವರಿಸಿದ ಸಿದ್ಧಾಂತಕ್ಕಿಂತ ಈ ಅಧ್ಯಾಯ ಅವನನ್ನು ಚೆನ್ನಾಗಿ ಬಲ್ಲುದು. ಆದರೆ ಒಂದು ದ್ರಾಕ್ಷಿತೋಟವನ್ನು ಒಬ್ಬನೇ ಕೊಯ್ಯಲಾರ. ನಾಬೋತನಿಗೂ ಆಳುಗಳಿದ್ದಿರಬೇಕು. ಅವರ ವಿಷಯದಲ್ಲಿ ಆ ಅಧ್ಯಾಯ ಮೌನವಾಗಿದೆ. ಕೊಯ್ಲಿನವರ ತಡೆಹಿಡಿದ ಕೂಲಿಯ ಕೂಗನ್ನು ಕೇಳಲು ನಾವು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದವರೆಗೆ ಹೋಗಬೇಕು. ಎರಡನ್ನೂ ಒಂದೇ ಭಾನುವಾರ ಓದುವ ಪದ್ಧತಿ ನಮ್ಮಲ್ಲಿಲ್ಲ.

1957ರಲ್ಲಿ ಬೆಂಗಳೂರಿನಲ್ಲಿ ಪಿ.ಡಿ. ದೇವನಂದನ್ ಅವರ ನೇತೃತ್ವದಲ್ಲಿ ಸ್ಥಾಪನೆಯಾಗಿ ಎಂ.ಎಂ. ಥಾಮಸರ ಕಾಲದಲ್ಲಿ ಹೆಸರಾದ ಕ್ರೈಸ್ತ ಅಧ್ಯಯನ ಸಂಸ್ಥೆಯು ಮಾರ್ಕ್ಸ್‌ವಾದದೊಡನೆ ಗಂಭೀರ ಸಂವಾದ ನಡೆಸಿತು. 1981ರಲ್ಲಿ ಅದೇ ನಗರದ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ನೀಡಿದ ಉಪನ್ಯಾಸದಿಂದ ದಲಿತ ದೈವಜ್ಞಾನಕ್ಕೆ ದಾರಿ ತೆರೆಯಿತು. ಈ ಎರಡೂ ನಮ್ಮ ಹೆಮ್ಮೆಯ ಅಧ್ಯಾಯಗಳು. ಇವುಗಳ ಭಾಷೆಯಲ್ಲಿ ಪದವಿ ಪಡೆದು ಬಂದ ಯುವ ಸಭಾಪಾಲಕನು ಮಳವಳ್ಳಿಯ ಒಂದು ಸಣ್ಣ ಸಭೆಯಲ್ಲಿ ಅಂಚಿಗೆ ತಳ್ಳಲ್ಪಟ್ಟವರ ವಿಮೋಚನೆಯನ್ನು ಕುರಿತು ಪ್ರಸಂಗ ಮಾಡುವಾಗ ಮುಂದಿನ ಚಾಪೆಯಲ್ಲಿ ಕುಳಿತವರು ಆ ಮಾತು ತಮ್ಮನ್ನು ಕುರಿತದ್ದೆಂದು ಗುರುತಿಸುವುದಿಲ್ಲ. ಗುರುತಿಸಿದರೂ ಹಾಗೆ ಕರೆಸಿಕೊಳ್ಳಲು ಒಪ್ಪುವುದಿಲ್ಲ. ಮಗನನ್ನು ಡಿಪ್ಲೊಮಾ ಓದಿಸುತ್ತಿರುವ ತಾಯಿಗೆ ತಾನು ಅಂಚಿನವಳೆಂದು ಕೇಳುವುದು ಹಿತವಲ್ಲ. ಪಿಕೆಟಿಯವರ ಉಪಮೆ ಆಗ ನಮ್ಮ ಪ್ರಸಂಗಪೀಠದ ಮೇಲೆಯೂ ಬಂದು ಕೂರುತ್ತದೆ.

ಕೊನೆಯದಾಗಿ ಒಂದು ಪದ. ಅಂಗನವಾಡಿಯವರಿಗೆ ಸರ್ಕಾರ ಕೊಡುವ ಹಣಕ್ಕೆ ‘ಗೌರವಧನ’ ಎಂದು ಹೆಸರು. ವೇತನವೆಂದು ಕರೆದರೆ ಕನಿಷ್ಠ ವೇತನದ ಕಾಯ್ದೆ, ಪಿಂಚಣಿ, ರಜೆ ಎಲ್ಲವೂ ಹಿಂದೆಯೇ ಬರುತ್ತವೆ. ಗೌರವಧನವೆಂದರೆ ಏನೂ ಬರುವುದಿಲ್ಲ. 2017ರಲ್ಲಿ ಆ ಹೆಂಗಸರು ರಸ್ತೆಯಲ್ಲಿ ಮಲಗಿದ್ದು ಬಹುಮಟ್ಟಿಗೆ ಈ ಪದದ ವಿರುದ್ಧ. ನಮ್ಮ ಅನೇಕ ಸಭೆಗಳ ಲೆಕ್ಕಪುಸ್ತಕವನ್ನು ತೆರೆದರೆ ಸುವಾರ್ತಿಕನ ಹೆಸರಿನ ಮುಂದೆ, ಬೈಬಲ್ ಸ್ತ್ರೀಯ ಹೆಸರಿನ ಮುಂದೆ, ದೇವಾಲಯ ಗುಡಿಸುವವಳ ಹೆಸರಿನ ಮುಂದೆ ಅದೇ ಪದ ಬರೆದಿರುತ್ತದೆ.